ಕಡಲ ಕಣ್ಗಾವಲು: ಪರದೆಯ ಚುಕ್ಕೆಗೆ ಹೆಸರು ಬೇಕು

ಉದ್ಯಾವರದ ಹೊಳೆ ಪಡುಕರೆಯ ಮರಳುಪಟ್ಟಿಯ ಮಗ್ಗುಲಲ್ಲೇ ಉತ್ತರಕ್ಕೆ ಹರಿದು ಮಲ್ಪೆಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ. ಈ ಹೊಳೆಯ ದಡದಿಂದ ಮಲ್ಪೆಯ ದಕ್ಕೆಯವರೆಗೆ ಬೋಟ್ ಕಟ್ಟುವವರು, ಇಂಜಿನ್ ದುರಸ್ತಿ ಮಾಡುವವರು, ಮಂಜುಗಡ್ಡೆ ಸ್ಥಾವರದವರು, ಬಲೆ ಮತ್ತು ಹಗ್ಗದ ವ್ಯಾಪಾರಿಗಳು, ಮೀನು ಸಂಸ್ಕರಣೆ ಹಾಗೂ ಸಾಗಣೆಯವರು ಒಂದೇ ಸರಪಳಿಯ ಕೊಂಡಿಗಳಾಗಿದ್ದಾರೆ. ಹೋದ ಬೋಟ್ ಸುರಕ್ಷಿತವಾಗಿ ಮರಳಿ ಬರುತ್ತದೆಂಬ ನಂಬಿಕೆಯ ಮೇಲೆ ಇವರೆಲ್ಲರ ವ್ಯವಹಾರ ನಿಂತಿದೆ. ಆದುದರಿಂದ, ಕೇವಲ ನೌಕಾಪಡೆಯ ಗುಟ್ಟಿನ ವಿಷಯವೆಂದು ಬಹುಮಂದಿ ಭಾವಿಸಿರುವ ಕಡಲ ಕಣ್ಗಾವಲು ವಾಸ್ತವವಾಗಿ ಈ ಭಾಗದ ವರ್ತಕರ ಹಾಗೂ ಸಣ್ಣ ಉತ್ಪಾದಕರ ವಿಷಯವೂ ಆಗಿದೆ.

ಸಮುದ್ರದ ಮೇಲೆ ಏನಿದೆ ಎಂದು ಕಾಣುವುದು ಇಂದಿನ ತಂತ್ರಜ್ಞಾನಕ್ಕೆ ಅಷ್ಟು ಕಷ್ಟವಲ್ಲ. ಕಂಡದ್ದು ಯಾರದ್ದು ಎಂದು ಗುರುತಿಸುವುದೇ ನಿಜವಾದ ಕಷ್ಟ. ಕಳೆದ 2 ದಶಕಗಳಲ್ಲಿ ಈ ಕ್ಷೇತ್ರದಲ್ಲಿ ಆಗಿರುವ ಹೂಡಿಕೆ, ಕಾನೂನು ಮತ್ತು ಉಪಕರಣಗಳ ಬೆಳವಣಿಗೆಯನ್ನು ಈ ಒಂದು ಮಾತಿನಿಂದ ಅರ್ಥಮಾಡಿಕೊಳ್ಳಬಹುದು.

2008ರ ಪಾಠ

2008ರ ನವೆಂಬರ್ 26ರಂದು ಮುಂಬೈಗೆ ನುಗ್ಗಿದ 10 ಮಂದಿ ಭಯೋತ್ಪಾದಕರು ಸಮುದ್ರಮಾರ್ಗವಾಗಿ ಬಂದಿದ್ದರು. ಪೋರಬಂದರಿನ 'ಕುಬೇರ' ಎಂಬ ಮೀನುಗಾರಿಕಾ ಬೋಟನ್ನು ಅಪಹರಿಸಿ, ಅದರಲ್ಲಿದ್ದವರನ್ನು ಕೊಂದು, ಅದೇ ಬೋಟಿನಲ್ಲಿ ಮುಂಬೈ ಸಮೀಪಕ್ಕೆ ತಲುಪಿ, ಬಳಿಕ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ದಡ ಸೇರಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 'ಕುಬೇರ' ಯಾರ ಕಣ್ಣಿಗೆ ಬಿದ್ದಿದ್ದರೂ ಅದು ಸಾವಿರಾರು ಭಾರತೀಯ ಬೋಟ್‌ಗಳ ನಡುವಿನ ಮತ್ತೊಂದು ಭಾರತೀಯ ಬೋಟ್ ಆಗಿಯೇ ಕಾಣುತ್ತಿತ್ತು. ದೂರದರ್ಶಕವೂ ರಾಡಾರ್ ಪರದೆಯೂ ಅದರೊಳಗೆ ಯಾರಿದ್ದಾರೆಂಬುದನ್ನು ಹೇಳಲಾರವು.

ಈ ಘಟನೆಯ ತರುವಾಯ ಕೇಂದ್ರ ಸರಕಾರವು 2009ರಲ್ಲಿ ಕಡಲ ಭದ್ರತೆಯ ಒಟ್ಟಾರೆ ಹೊಣೆಯನ್ನು ನೌಕಾಪಡೆಗೆ ವಹಿಸಿತು. 1978ರ ಕಾಯಿದೆಯನ್ವಯ ಸ್ಥಾಪಿತವಾದ ಕೋಸ್ಟ್‌ಗಾರ್ಡ್‌ಗೆ ಪ್ರಾದೇಶಿಕ ಜಲಪ್ರದೇಶದ ಕರಾವಳಿ ಭದ್ರತೆಯ ಸಮನ್ವಯದ ಹೆಚ್ಚುವರಿ ಕೆಲಸ ಬಂದಿತು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗೆ ರಾಜ್ಯದ ಕರಾವಳಿ ಕಾವಲು ಪೊಲೀಸರಿಗೂ ಅಧಿಕಾರವ್ಯಾಪ್ತಿ ಇದೆ. ಕರ್ನಾಟಕದ ಸುಮಾರು 320 ಕಿ.ಮೀ. ಕರಾವಳಿಗೆ ಸಂಬಂಧಿಸಿದ ಕರಾವಳಿ ಕಾವಲು ಪೊಲೀಸ್ ವಿಭಾಗದ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ಕೋಸ್ಟ್‌ಗಾರ್ಡ್‌ನ ಕರ್ನಾಟಕ ಕೇಂದ್ರ ನವಮಂಗಳೂರಿನಲ್ಲಿದ್ದರೆ, ನೌಕಾಪಡೆಯ 'ಐಎನ್‌ಎಸ್ ಕದಂಬ' ನೆಲೆ 2005ರಲ್ಲಿ ಕಾರವಾರದಲ್ಲಿ ಕಾರ್ಯಾರಂಭ ಮಾಡಿತು. ದಡದಿಂದ 200 ನಾಟಿಕಲ್ ಮೈಲಿವರೆಗಿನ, ಒಟ್ಟು ಸುಮಾರು 20 ಲಕ್ಷ ಚದರ ಕಿ.ಮೀ. ವಿಸ್ತಾರದ ದೇಶದ ವಿಶೇಷ ಆರ್ಥಿಕ ವಲಯವನ್ನು ಇವರೆಲ್ಲ ಸೇರಿ ಕಾಯಬೇಕಾಗಿದೆ.

ರಾಡಾರ್ ಎಷ್ಟು ದೂರ ಕಾಣಬಲ್ಲುದು?

2008ರ ಬಳಿಕ ಕೈಗೊಂಡ ಪ್ರಮುಖ ಕ್ರಮಗಳಲ್ಲಿ ಕರಾವಳಿ ರಾಡಾರ್ ಸರಪಳಿಯೂ ಒಂದು. ಮೊದಲ ಹಂತದಲ್ಲಿ 46 ಕೇಂದ್ರಗಳು ಸ್ಥಾಪನೆಯಾದವು. ಇವುಗಳಲ್ಲಿ 36 ಮುಖ್ಯ ಭೂಭಾಗದಲ್ಲಿಯೂ ಉಳಿದವು ಲಕ್ಷದ್ವೀಪ ಮತ್ತು ಅಂಡಮಾನ್-ನಿಕೋಬಾರ್ ದ್ವೀಪಗಳಲ್ಲಿಯೂ ಇವೆ. ಈ ವ್ಯವಸ್ಥೆಯನ್ನು ಅಳವಡಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ. ಪ್ರತಿ ಕೇಂದ್ರದಲ್ಲಿ ರಾಡಾರ್ ಜೊತೆಗೆ ಹಗಲಿರುಳೂ ನೋಡಬಲ್ಲ ಕ್ಯಾಮೆರಾ, ಹಡಗುಗಳ ಗುರುತಿನ ಸಂಕೇತವನ್ನು ಹಿಡಿಯುವ ಗ್ರಾಹಕ ಯಂತ್ರ ಹಾಗೂ ಹವಾಮಾನ ಮಾಪಕಗಳಿವೆ.

ರಾಡಾರ್ ಕಳುಹಿಸುವ ರೇಡಿಯೋ ಅಲೆ ಹೆಚ್ಚು ಕಡಿಮೆ ನೇರವಾಗಿ ಸಾಗುತ್ತದೆ. ಭೂಮಿ ಗುಂಡಗಿರುವುದರಿಂದ ಒಂದು ದೂರದ ಆಚೆ ಇರುವ ಬೋಟ್ ಅಲೆಯ ಕೆಳಗೇ ಉಳಿದುಬಿಡುತ್ತದೆ. 1901ರಲ್ಲಿ ಕಟ್ಟಲಾದ ಕಾಪುವಿನ ದೀಪಸ್ತಂಭವನ್ನು ಬಂಡೆಯ ಮೇಲೆ, ಎತ್ತರದಲ್ಲಿ ನಿಲ್ಲಿಸಿದುದರ ಹಿಂದಿರುವುದೂ ಇದೇ ತತ್ತ್ವ. ಲೆಕ್ಕ ಸರಳವಾಗಿದೆ. ರಾಡಾರ್‌ನ ಎತ್ತರದ ವರ್ಗಮೂಲಕ್ಕೆ ಗುರಿಯ ಎತ್ತರದ ವರ್ಗಮೂಲವನ್ನು ಕೂಡಿಸಿ, ಸುಮಾರು 4.1ರಿಂದ ಗುಣಿಸಿದರೆ ಕಿಲೋಮೀಟರ್‌ನಲ್ಲಿ ದೂರ ದೊರೆಯುತ್ತದೆ, ಎತ್ತರಗಳು ಮೀಟರ್‌ನಲ್ಲಿರಬೇಕು. 30 ಮೀಟರ್ ಎತ್ತರದ ರಾಡಾರ್, ನೀರಿನಿಂದ 4 ಮೀಟರ್ ಎತ್ತರವಿರುವ ಬೋಟನ್ನು ಹೆಚ್ಚೆಂದರೆ ಸುಮಾರು 30 ಕಿ.ಮೀ. ದೂರದವರೆಗೆ ಕಾಣಬಲ್ಲುದು. 25 ಮೀಟರ್ ಎತ್ತರದ ಸರಕು ಹಡಗಾದರೆ ಈ ದೂರ 40 ಕಿ.ಮೀ. ಮೀರುತ್ತದೆ.

ಇದರ ಅರ್ಥ ಇಷ್ಟು: ದಡದ ರಾಡಾರ್‌ಗಳು ಸಮೀಪದ ಸಮುದ್ರವನ್ನು ಮಾತ್ರ ನೋಡುತ್ತವೆ. ಮಲ್ಪೆಯಿಂದ ಹೊರಟು ಹಲವು ದಿನಗಳ ಕಾಲ ಗೋವಾ, ಮಹಾರಾಷ್ಟ್ರದ ಕಡೆಗೆ ಆಳಸಮುದ್ರದಲ್ಲಿ ದುಡಿಯುವ ಬೋಟ್‌ಗಳು ಬಹುಪಾಲು ಸಮಯ ಈ ನೋಟದ ಆಚೆಗಿರಬಹುದು. ಮರದ ಹಾಗೂ ಫೈಬರ್‌ನ ಸಣ್ಣ ದೋಣಿಗಳಿಂದ ಮರಳುವ ಪ್ರತಿಧ್ವನಿ ದುರ್ಬಲವಾಗಿದ್ದು, ಅಲೆಗಳ ಪ್ರತಿಧ್ವನಿಯಲ್ಲಿ ಬೆರೆತುಹೋಗುವುದೂ ಉಂಟು. ಒಂದು ವೇಳೆ ಕಂಡರೂ ಅದು ಪರದೆಯ ಮೇಲೆ ಹೆಸರಿಲ್ಲದ ಚುಕ್ಕೆ.

ತಾನೇ ಹೆಸರು ಹೇಳುವ ಯಂತ್ರ

ಈ ಕೊರತೆಯನ್ನು ತುಂಬಲು ಬಂದಿರುವುದು ಎಐಎಸ್ ಎಂಬ ಸ್ವಯಂಚಾಲಿತ ಗುರುತಿನ ವ್ಯವಸ್ಥೆ. ಹಡಗಿನಲ್ಲಿರುವ ಪೆಟ್ಟಿಗೆಯು ಜಿಪಿಎಸ್‌ನಿಂದ ತಿಳಿದ ಸ್ಥಾನ, ವೇಗ, ದಿಕ್ಕು ಹಾಗೂ ಹಡಗಿನ ಗುರುತಿನ ಸಂಖ್ಯೆಯನ್ನು ವಿಎಚ್‌ಎಫ್ ತರಂಗದ ಮೂಲಕ ಸಾರುತ್ತಲೇ ಇರುತ್ತದೆ. ಸಂಖ್ಯೆಯಲ್ಲಿ 9 ಅಂಕಿಗಳಿದ್ದು, ಭಾರತದ ಹಡಗುಗಳದ್ದು 419ರಿಂದ ಆರಂಭವಾಗುತ್ತದೆ. ಅಂತರರಾಷ್ಟ್ರೀಯ ಯಾನ ಮಾಡುವ 300 ಟನ್ ಹಾಗೂ ಹೆಚ್ಚಿನ ಹಡಗುಗಳಿಗೆ 2004ರ ಅಂತ್ಯದೊಳಗೆ ಇದು ಕಡ್ಡಾಯವಾಯಿತು. ಭಾರತದಲ್ಲಿ 74 ದೀಪಸ್ತಂಭಗಳಲ್ಲಿ ಈ ಸಂಕೇತಗಳನ್ನು ಸ್ವೀಕರಿಸುವ ಯಂತ್ರಗಳನ್ನು ಅಳವಡಿಸಲಾಯಿತು.

ದೊಡ್ಡ ಹಡಗುಗಳ ಮಟ್ಟಿಗೆ ಸಮಸ್ಯೆ ಬಹುತೇಕ ಬಗೆಹರಿದರೂ, ದೇಶದ ಕಡಲಿನಲ್ಲಿ ಸಂಚರಿಸುವವುಗಳಲ್ಲಿ ಅತ್ಯಧಿಕ ಸಂಖ್ಯೆಯವು 20 ಮೀಟರ್‌ಗಿಂತ ಕಡಿಮೆ ಉದ್ದದ ಮೀನುಗಾರಿಕಾ ಬೋಟ್‌ಗಳು. ಇವು ಈ ನಿಯಮದ ಹೊರಗೆ ಉಳಿದವು. ಇನ್ನೊಂದು ತೊಡಕೂ ಇದೆ: ಎಐಎಸ್ ಯಂತ್ರವನ್ನು ಆರಿಸಿಟ್ಟರೆ ಅಥವಾ ಸುಳ್ಳು ಮಾಹಿತಿ ತುಂಬಿದರೆ ಹೆಸರೇ ಮೋಸವಾಗುತ್ತದೆ. ಆದುದರಿಂದ ರಾಡಾರ್ ಕಂಡ ಚುಕ್ಕೆಯನ್ನೂ ಎಐಎಸ್ ಹೇಳಿದ ಹೆಸರನ್ನೂ ಒಂದೇ ನಕ್ಷೆಯ ಮೇಲೆ ಹೊಂದಿಸಿ ನೋಡುವ ವ್ಯವಸ್ಥೆ ಬೇಕಾಯಿತು. ನೌಕಾಪಡೆಯ 20 ಹಾಗೂ ಕೋಸ್ಟ್‌ಗಾರ್ಡ್‌ನ 31, ಒಟ್ಟು 51 ಕೇಂದ್ರಗಳನ್ನು ಬೆಸೆಯುವ ಜಾಲದ ಕೇಂದ್ರವು ದೆಹಲಿ ಬಳಿಯ ಗುರುಗ್ರಾಮದಲ್ಲಿ 2014ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಹೆಸರು ಹೇಳದ ಚುಕ್ಕೆ, ಮಾರ್ಗ ಬದಲಿಸಿದ ಹಡಗು, ನಡುಗಡಲಲ್ಲಿ ಕಾರಣವಿಲ್ಲದೆ ನಿಂತ ನೌಕೆ ಇವುಗಳನ್ನು ಅಲ್ಲಿಂದ ಗುರುತಿಸಿ ಪರಿಶೀಲನೆಗೆ ಹಡಗು ಅಥವಾ ವಿಮಾನವನ್ನು ಕಳುಹಿಸಬಹುದು.

ಆಕಾಶದಿಂದ ನೋಟ

ದಡದ ರಾಡಾರ್‌ಗೆ ಅಡ್ಡಬರುವ ದಿಗಂತದ ಮಿತಿಯನ್ನು ವಿಮಾನಗಳು ಎತ್ತರದಿಂದ ಮೀರುತ್ತವೆ. ಕೋಸ್ಟ್‌ಗಾರ್ಡ್ ಬಳಸುವ ಡಾರ್ನಿಯರ್ ವಿಮಾನಗಳನ್ನು ಎಚ್‌ಎಎಲ್‌ನ ಕಾನ್ಪುರ ಘಟಕವೂ, ಧ್ರುವ ಹೆಲಿಕಾಪ್ಟರ್‌ಗಳನ್ನು ಬೆಂಗಳೂರು ಘಟಕವೂ ತಯಾರಿಸುತ್ತವೆ. ನೌಕಾಪಡೆಯ 12 ಪಿ-8ಐ ವಿಮಾನಗಳಲ್ಲಿ ಮೊದಲನೆಯದು 2013ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಬಂದಿಳಿಯಿತು. ಎರಡನೆಯ ಸ್ಕ್ವಾಡ್ರನ್ 2022ರ ಮಾರ್ಚ್‌ನಲ್ಲಿ ಗೋವಾದ ನೆಲೆಯಲ್ಲಿ ಸೇರ್ಪಡೆಗೊಂಡಿತು. ಈ ವಿಮಾನಗಳು ರಾಡಾರ್‌ನಿಂದ ನೀರಿನ ಮೇಲಿನ ನೌಕೆಗಳನ್ನೂ, ಸಮುದ್ರಕ್ಕೆ ಉದುರಿಸುವ ಧ್ವನಿಗ್ರಾಹಿ ತೇಲುಗಳಿಂದ ನೀರಿನ ಕೆಳಗಿನ ಜಲಾಂತರ್ಗಾಮಿಗಳನ್ನೂ ಹುಡುಕುತ್ತವೆ. ಮೋಡ ಮತ್ತು ಕತ್ತಲೆಯನ್ನು ಭೇದಿಸಿ ನೋಡುವ ರಾಡಾರ್ ಉಪಗ್ರಹಗಳನ್ನು ಇಸ್ರೋ ಉಡಾಯಿಸಿದೆ. 2022ರ ಫೆಬ್ರವರಿಯಲ್ಲಿ ಹಾರಿಸಿದ ಇಒಎಸ್-04 ಇವುಗಳಲ್ಲೊಂದು.

ಇವುಗಳ ಪ್ರಯೋಜನ ಶತ್ರುವಿನ ಮೇಲೆ ಕಣ್ಣಿಡುವುದಕ್ಕಷ್ಟೇ ಸೀಮಿತವಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಕಾಪು-ಮೂಲ್ಕಿ ನಡುವಿನ ಬಂಡೆಗಳಿಗೆ ಸಿಲುಕಿದ 'ಕೋರಮಂಡಲ್ ಸಪೋರ್ಟರ್-9' ಟಗ್‌ನಲ್ಲಿದ್ದ 9 ಮಂದಿಯನ್ನು ನೌಕಾಪಡೆ ಮತ್ತು ಕೋಸ್ಟ್‌ಗಾರ್ಡ್ ಜಂಟಿಯಾಗಿ ಪಾರುಮಾಡಿದವು. 2025ರ ಮೇ 25ರಂದು 640 ಕಂಟೇನರ್‌ಗಳೊಂದಿಗೆ ಕೊಚ್ಚಿ ಬಳಿ ಮುಳುಗಿದ 'ಎಂಎಸ್‌ಸಿ ಎಲ್ಸಾ-3' ಹಡಗಿನಿಂದ ಸೋರಿದ ತೈಲದ ಜಾಡನ್ನು ಹುಡುಕಿದ್ದೂ ಕೋಸ್ಟ್‌ಗಾರ್ಡ್ ವಿಮಾನಗಳೇ. ತೈಲ ಎತ್ತ ಸಾಗುತ್ತಿದೆ ಎಂಬ ಖಚಿತ ಮಾಹಿತಿ ಮೀನು ಮಾರುಕಟ್ಟೆಗೆ ಎಷ್ಟು ಅಗತ್ಯವೆಂಬುದನ್ನು ವ್ಯಾಪಾರಿಗಳಿಗೆ ವಿವರಿಸಬೇಕಾಗಿಲ್ಲ.

ಸುವರ್ಣ ತ್ರಿಭುಜ

ಇಷ್ಟೆಲ್ಲ ವ್ಯವಸ್ಥೆ ಇದ್ದರೂ ಉಳಿದಿದ್ದ ಬಿರುಕನ್ನು ತೋರಿಸಿದ್ದು ಮಲ್ಪೆಯದೇ ಒಂದು ಬೋಟ್. 2018ರ ಡಿಸೆಂಬರ್ 13ರಂದು 7 ಮಂದಿ ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಡಿಸೆಂಬರ್ 15ರ ರಾತ್ರಿಯ ಬಳಿಕ ಮಹಾರಾಷ್ಟ್ರದ ಕರಾವಳಿಯಾಚೆ ಸಂಪರ್ಕ ಕಳೆದುಕೊಂಡಿತು. ಏಳ್ವರಲ್ಲಿ ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಹಡಗು, ವಿಮಾನಗಳ ಹುಡುಕಾಟ ವಾರಗಟ್ಟಲೆ ನಡೆಯಿತು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದು ಪ್ರತಿಭಟಿಸಿದರು. ಕೊನೆಗೆ 2019ರ ಮೇ ಆರಂಭದಲ್ಲಿ, ನಾಲ್ಕೂವರೆ ತಿಂಗಳ ಬಳಿಕ, ನೌಕಾಪಡೆಯ 'ಐಎನ್‌ಎಸ್ ನಿರೀಕ್ಷಕ' ಹಡಗು ಮಾಲ್ವಣ ತೀರದಿಂದ ಸುಮಾರು 33 ಕಿ.ಮೀ. ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷವನ್ನು ಪತ್ತೆಮಾಡಿತು.

ದುರಂತದ ಕಾರಣದ ಚರ್ಚೆ ಬೇರೆಯೇ ವಿಷಯ. ಕಣ್ಗಾವಲಿನ ದೃಷ್ಟಿಯಿಂದ ಮುಖ್ಯವಾದದ್ದು ಹುಡುಕಾಟದ ಗಣಿತ. ನಿಯಂತ್ರಣ ತಪ್ಪಿದ ಬೋಟ್ ಗಂಟೆಗೆ 2 ನಾಟಿಕಲ್ ಮೈಲಿಯಂತೆ ಯಾವುದೋ ದಿಕ್ಕಿಗೆ ತೇಲುತ್ತಿದೆ ಎಂದುಕೊಂಡರೆ, 6 ಗಂಟೆಗಳ ಬಳಿಕ ಹುಡುಕಬೇಕಾದ ಪ್ರದೇಶ ಸುಮಾರು 1,550 ಚದರ ಕಿ.ಮೀ. ಆಗುತ್ತದೆ. 24 ಗಂಟೆ ಕಳೆದರೆ ಅದು ಸುಮಾರು 24,800 ಚದರ ಕಿ.ಮೀ.ಗೆ ಏರುತ್ತದೆ, ಇದು ಉಡುಪಿ ಜಿಲ್ಲೆಯ ವಿಸ್ತೀರ್ಣದ ಆರು ಪಟ್ಟಿಗಿಂತ ಹೆಚ್ಚು. ಸಮಯ 4 ಪಟ್ಟಾದರೆ ಪ್ರದೇಶ 16 ಪಟ್ಟು. ಕೊನೆಯ ಸ್ಥಾನವೇ ಖಚಿತವಿಲ್ಲದಿದ್ದರೆ, ಎಷ್ಟು ಹಡಗು-ವಿಮಾನಗಳನ್ನು ಕಳುಹಿಸಿದರೂ ಅದು ಕತ್ತಲಲ್ಲಿ ತಡಕಾಡಿದಂತೆಯೇ ಸರಿ. ಮೊಬೈಲ್ ಸಿಗದ, ವೈರ್‌ಲೆಸ್ ಸೆಟ್ ದಡಕ್ಕೆ ಮುಟ್ಟದ ದೂರದಿಂದ ಬೋಟ್ ತನ್ನ ಸ್ಥಾನವನ್ನು ತಾನೇ ತಿಳಿಸುವಂತಾಗಬೇಕು ಎಂಬ ಬೇಡಿಕೆ ಆ ದಿನಗಳಲ್ಲಿ ಗಟ್ಟಿಯಾಯಿತು.

ಒಂದು ಲಕ್ಷ ಟ್ರಾನ್ಸ್‌ಪಾಂಡರ್

2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿಯವರು ಉದ್ಘಾಟಿಸಿದ ಯೋಜನೆ ಈ ಬೇಡಿಕೆಗೆ ನೀಡಿದ ಉತ್ತರ. ಸುಮಾರು 360 ಕೋಟಿ ರೂ. ವೆಚ್ಚದಲ್ಲಿ, ಕರಾವಳಿ ರಾಜ್ಯಗಳು ಹಾಗೂ ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಯಾಂತ್ರೀಕೃತ ಹಾಗೂ ಮೋಟಾರೀಕೃತ ಬೋಟ್‌ಗಳಿಗೆ ಟ್ರಾನ್ಸ್‌ಪಾಂಡರ್‌ಗಳನ್ನು ಉಚಿತವಾಗಿ ಅಳವಡಿಸುವುದು ಇದರ ಗುರಿ. ತಂತ್ರಜ್ಞಾನ ಇಸ್ರೋದ್ದು. 2015ರಲ್ಲಿ ಉಡಾಯಿಸಿದ ಜಿಸ್ಯಾಟ್-6 ಉಪಗ್ರಹದ ಮೂಲಕ ಮಾಹಿತಿ ಸಾಗುವುದರಿಂದ ಮೊಬೈಲ್ ಗೋಪುರದ ಹಂಗಿಲ್ಲ.

ಈ ಯಂತ್ರ ಎರಡೂ ಕಡೆಗೆ ಮಾತನಾಡುತ್ತದೆ. ಬೋಟಿನ ಸ್ಥಾನ ದಡದ ನಿಯಂತ್ರಣ ಕೇಂದ್ರಕ್ಕೆ ತಲುಪುತ್ತದೆ. ದಡದಿಂದ ಚಂಡಮಾರುತದ ಮುನ್ಸೂಚನೆ, ಮೀನು ದೊರೆಯಬಹುದಾದ ಪ್ರದೇಶದ ಮಾಹಿತಿ, ಅಂತರರಾಷ್ಟ್ರೀಯ ಗಡಿ ಸಮೀಪಿಸಿದರೆ ಎಚ್ಚರಿಕೆ ಬೋಟಿಗೆ ತಲುಪುತ್ತವೆ. ಅಪಾಯ ಬಂದಾಗ ಒಂದು ಗುಂಡಿ ಒತ್ತಿದರೆ ಸಾಕು. ಯೋಜನಾ ವೆಚ್ಚವನ್ನು ಭಾಗಿಸಿ ನೋಡಿದರೆ ಬೋಟೊಂದಕ್ಕೆ ತಗಲುವುದು ಸರಾಸರಿ 36,000 ರೂ. ದಿನಗಟ್ಟಲೆ ನಡೆಯುವ ಹುಡುಕಾಟದ ಖರ್ಚಿನ ಮುಂದೆ, ಮನೆಗೆ ಮರಳದ ಜೀವದ ಮುಂದೆ ಈ ಮೊತ್ತ ಅತ್ಯಲ್ಪ.

ರಫ್ತು ವ್ಯಾಪಾರಕ್ಕೆ ಏನು ಸಂಬಂಧ?

ಬೋಟಿನ ಗುರುತು ಈಗ ಭದ್ರತೆಯ ವಿಷಯವಾಗಿ ಮಾತ್ರ ಉಳಿದಿಲ್ಲ. ಅದು ಸರಕಿನ ದಾಖಲೆಯ ಭಾಗವೂ ಆಗಿದೆ. ಐರೋಪ್ಯ ಒಕ್ಕೂಟವು ಅಕ್ರಮ ಮೀನುಗಾರಿಕೆಯನ್ನು ತಡೆಯಲು ರೂಪಿಸಿದ ನಿಯಮದಂತೆ 2010ರ ಜನವರಿಯಿಂದ ಅಲ್ಲಿಗೆ ಕಳುಹಿಸುವ ಸಮುದ್ರದ ಮೀನಿಗೆ 'ಹಿಡುವಳಿ ಪ್ರಮಾಣಪತ್ರ' ಬೇಕು. ಯಾವ ಬೋಟ್, ಎಲ್ಲಿ, ಎಷ್ಟು ಹಿಡಿಯಿತು ಎಂಬುದು ಅದರಲ್ಲಿರಬೇಕು. ಭಾರತದಲ್ಲಿ ಇದನ್ನು ದೃಢೀಕರಿಸುವ ಸಂಸ್ಥೆ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ. 2026ರ ಜನವರಿ 10ರಿಂದ ಐರೋಪ್ಯ ಆಮದುದಾರರು ಈ ದಾಖಲೆಗಳನ್ನು ಒಕ್ಕೂಟದ ಗಣಕೀಕೃತ ವ್ಯವಸ್ಥೆಯಲ್ಲಿಯೇ ಸಲ್ಲಿಸಬೇಕೆಂಬ ನಿಯಮ ಜಾರಿಗೆ ಬಂದಿದೆ.

ಇದಕ್ಕೆ ಹೊಂದಿಕೊಳ್ಳುವಂತೆ ಕೇಂದ್ರ ಸರಕಾರವು 2025ರ ನವೆಂಬರ್‌ನಲ್ಲಿ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆಗೆ ಹೊಸ ನಿಯಮಗಳನ್ನು ಪ್ರಕಟಿಸಿತು. ಯಾಂತ್ರೀಕೃತ ಬೋಟ್‌ಗಳು ಆ ವಲಯದಲ್ಲಿ ದುಡಿಯಲು 'ರಿಯಲ್‌ಕ್ರಾಫ್ಟ್' ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಉಚಿತ ಪ್ರವೇಶ ಪತ್ರ ಪಡೆಯಬೇಕು, ಟ್ರಾನ್ಸ್‌ಪಾಂಡರ್ ಕಡ್ಡಾಯ. ಸಾಂಪ್ರದಾಯಿಕ ಸಣ್ಣ ದೋಣಿಗಳಿಗೆ ಪ್ರವೇಶ ಪತ್ರದಿಂದ ವಿನಾಯಿತಿ ಇದೆ. ಈ ವ್ಯವಸ್ಥೆಯನ್ನು ರಫ್ತು ಪ್ರಮಾಣಪತ್ರದ ವ್ಯವಸ್ಥೆಯೊಂದಿಗೆ ಜೋಡಿಸಲಾಗುತ್ತಿದೆ. ಅಂದರೆ ಹೆಸರಿಲ್ಲದ ಬೋಟಿನ ಮೀನಿಗೆ ದೂರದ ಮಾರುಕಟ್ಟೆಯ ಬಾಗಿಲು ಕ್ರಮೇಣ ಮುಚ್ಚಲಿದೆ. ಮೀನು ಖರೀದಿಸುವ ಸಂಸ್ಕರಣಾ ಘಟಕಗಳು ತಮಗೆ ಪೂರೈಸುವ ಬೋಟ್‌ಗಳ ನೋಂದಣಿ, ಪ್ರವೇಶ ಪತ್ರ, ಟ್ರಾನ್ಸ್‌ಪಾಂಡರ್ ವಿವರಗಳನ್ನು ಈಗಲೇ ಕಡತದಲ್ಲಿ ಇಟ್ಟುಕೊಳ್ಳುವುದು ಜಾಣತನ.

ಸಣ್ಣ ಕೈಗಾರಿಕೆಗಳಿಗೆ ಇರುವ ಅವಕಾಶ

ರಾಡಾರ್, ಉಪಗ್ರಹ ಎಂದೊಡನೆ ಸಣ್ಣ ಉತ್ಪಾದಕ ಹಿಂಜರಿಯುವುದು ಸಹಜ. ಆದರೆ ಪ್ರತಿ ಯಂತ್ರಕ್ಕೂ ಕಂಬ ಬೇಕು, ಹಿಡಿಕೆ ಬೇಕು, ನೀರು ನುಗ್ಗದ ಪೆಟ್ಟಿಗೆ ಬೇಕು, ವೈರ್ ಜೋಡಣೆ, ಬ್ಯಾಟರಿ, ಸೋಲಾರ್ ಫಲಕ, ದುರಸ್ತಿ ಬೇಕು. ಕಡಲಿನ ಉಪಕರಣ ಕೆಡುವುದು ಬಹುತೇಕ ಇಂಥ ಸಣ್ಣ ಜಾಗಗಳಲ್ಲೇ. ಅಲ್ಯೂಮಿನಿಯಂ ಹಿಡಿಕೆಗೆ ಉಕ್ಕಿನ ಬೋಲ್ಟ್ ಹಾಕಿ ನಡುವೆ ವಾಷರ್ ಬಿಟ್ಟರೆ, ಉಪ್ಪುನೀರಿನಲ್ಲಿ ಎರಡು ಲೋಹಗಳು ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಸಾಮಾನ್ಯ 304 ದರ್ಜೆಯ ಸ್ಟೀಲ್ ಕಲೆ ಹಿಡಿಯುವ ಕಡೆ 316 ದರ್ಜೆ ಬಾಳಿಕೆ ಬರುತ್ತದೆ. ಬೋಟ್ ಕಟ್ಟುವ ಅನುಭವವಿರುವ ಉದ್ಯಾವರ-ಮಲ್ಪೆಯ ಕುಶಲಕರ್ಮಿಗಳಿಗೆ ಈ ಪಾಠ ಹೊಸದಲ್ಲ. ಆ ತಿಳಿವನ್ನು ಅಳತೆ, ನಕ್ಷೆ ಮತ್ತು ಪರೀಕ್ಷಾ ವರದಿಗಳ ರೂಪಕ್ಕೆ ತರುವುದೇ ಬಾಕಿ. ರಕ್ಷಣಾ ಎಲೆಕ್ಟ್ರಾನಿಕ್ಸ್‌ಗೆ ಜೆಎಸ್‌ಎಸ್ 55555 ಎಂಬ ಪರೀಕ್ಷಾ ಮಾನದಂಡವಿದ್ದು, ಉಪ್ಪುಮಂಜು, ತೇವ, ಕಂಪನಗಳ ಪರೀಕ್ಷೆ ಅದರಲ್ಲಿ ಸೇರಿದೆ.

ಸ್ಥಳೀಯ ಮಾರುಕಟ್ಟೆಯೂ ಬೆಳೆಯುತ್ತಿದೆ. ಮಲ್ಪೆಯ ತೆಬ್ಮಾ ಶಿಪ್‌ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಸ್ವಾಧೀನಪಡಿಸಿಕೊಂಡಿತು. 2022ರಲ್ಲಿ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರು ಪಡೆಯಿತು. ಓಶಿಯನ್ ಸ್ಪಾರ್ಕಲ್ ಸಂಸ್ಥೆಯಿಂದ ಟಗ್‌ಗಳಿಗೂ ನಾರ್ವೆಯ ವಿಲ್ಸನ್ ಸಂಸ್ಥೆಯಿಂದ 3,800 ಟನ್ ಸಾಮರ್ಥ್ಯದ ಸರಕು ಹಡಗುಗಳಿಗೂ ಅದು ಬೇಡಿಕೆ ಪಡೆದಿದೆ. ಇಂಥ ಹಡಗುಕಟ್ಟೆಯ ಗುಣಮಟ್ಟಕ್ಕೆ ಬಿಡಿಭಾಗ ಪೂರೈಸಿ ಅಭ್ಯಾಸವಾದ ಘಟಕಕ್ಕೆ ಗಸ್ತು ದೋಣಿಗಳ ಕೆಲಸವೂ ದೂರವೆನಿಸದು.

ಕೇಂದ್ರ ಸರಕಾರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ವಾರ್ಷಿಕ ಖರೀದಿಯ ಕನಿಷ್ಠ ಶೇ. 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಪಡೆಯಬೇಕೆಂಬ ನೀತಿ ಇದೆ. ಉದ್ಯಮ್ ನೋಂದಣಿ ಇರುವ ಅರ್ಹ ಘಟಕಗಳಿಗೆ ಟೆಂಡರ್‌ನ ಮುಂಗಡ ಠೇವಣಿಯಿಂದ ವಿನಾಯಿತಿ ದೊರೆಯುತ್ತದೆ. ಆಮದಾಗುತ್ತಿರುವ ರಕ್ಷಣಾ ಬಿಡಿಭಾಗಗಳಲ್ಲಿ ದೇಶದಲ್ಲೇ ತಯಾರಿಸಬಹುದಾದವುಗಳ ಪಟ್ಟಿ 2020ರಲ್ಲಿ ಆರಂಭವಾದ 'ಸೃಜನ್' ಜಾಲತಾಣದಲ್ಲಿ ಲಭ್ಯವಿದೆ. ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಿಂದ ಕಾರ್ಕಳದವರೆಗಿನ ಫ್ಯಾಬ್ರಿಕೇಶನ್ ಹಾಗೂ ಎಲೆಕ್ಟ್ರಾನಿಕ್ಸ್ ಘಟಕಗಳು ಒಮ್ಮೆ ಆ ಪಟ್ಟಿಯನ್ನು ತಿರುವಿಹಾಕುವುದು ಉಪಯುಕ್ತ.

ಅಂಜಿಕೆಗೂ ಉತ್ತರ ಬೇಕು

ಬೋಟ್ ಮಾಲಕರ ಸಂಶಯಗಳನ್ನು ತಳ್ಳಿಹಾಕುವಂತಿಲ್ಲ. ಒಳ್ಳೆಯ ಮೀನಿನ ಜಾಗವೆಂಬುದು ತಾಂಡೇಲನ ವರ್ಷಗಳ ಬಂಡವಾಳ. ಅದು ಪರದೆಯ ಮೇಲೆ ಬಯಲಾದರೆ ಪೈಪೋಟಿದಾರರ ಪಾಲಾಗುವ ಅಂಜಿಕೆ ಇದೆ. ಗಡಿಮಿತಿ ದಾಟಿದರೆ ದಂಡ ಬೀಳುವ ಭಯವಿದೆ. ಕೆಟ್ಟ ಯಂತ್ರವನ್ನು ದುರಸ್ತಿ ಮಾಡುವವರಿಲ್ಲದೆ ಬೋಟ್ ದಕ್ಕೆಯಲ್ಲೇ ಉಳಿದರೆ ನಷ್ಟ ಯಾರದು ಎಂಬ ಪ್ರಶ್ನೆಯೂ ಇದೆ. ಸ್ಥಾನದ ಮಾಹಿತಿಯನ್ನು ಯಾರು ನೋಡಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದು ಸ್ಪಷ್ಟವಾಗಿ ತಿಳಿದಷ್ಟೂ ಯಂತ್ರವನ್ನು ಆರಿಸಿಡುವ ಚಪಲ ಕಡಿಮೆಯಾಗುತ್ತದೆ. ಮೀನುಗಾರರ ಸಂಘಗಳೂ ವಾಣಿಜ್ಯ ಸಂಸ್ಥೆಗಳೂ ಈ ಸ್ಪಷ್ಟತೆಯನ್ನು ಸರಕಾರದಿಂದ ಕೇಳಿ ಪಡೆಯಬೇಕಾಗಿದೆ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ಬೋಟ್‌ಗಳು ದಡದಲ್ಲಿರುತ್ತವೆ. ಬಣ್ಣ, ಇಂಜಿನ್, ಬಲೆಗಳ ಕೆಲಸ ನಡೆಯುವ ಆ 61 ದಿನಗಳಲ್ಲಿಯೇ ಟ್ರಾನ್ಸ್‌ಪಾಂಡರ್‌ನ ಅಳವಡಿಕೆ, ವೈರಿಂಗ್ ತಪಾಸಣೆ, ದಾಖಲೆಗಳ ನವೀಕರಣ ಮತ್ತು ಅಪಾಯದ ಗುಂಡಿಯ ಬಳಕೆಯ ತರಬೇತಿಯನ್ನು ಮುಗಿಸಬಹುದು. ಈ ಸೇವೆಯನ್ನು ಒಂದೇ ಸೂರಿನಡಿ ನೀಡಬಲ್ಲ ದುರಸ್ತಿ ಘಟಕಗಳಿಗೆ ಪ್ರತಿ ಮಳೆಗಾಲವೂ ಖಚಿತವಾದ ಕೆಲಸ ತರುತ್ತದೆ. ಆಗಸ್ಟ್‌ನಲ್ಲಿ ಅಳಿವೆ ದಾಟುವ ಪ್ರತಿ ಬೋಟಿನ ಚುಕ್ಕೆಗೂ ಒಂದು ಹೆಸರಿದ್ದರೆ, ಅಪರಿಚಿತ ಚುಕ್ಕೆಯನ್ನು ಗುರುತಿಸುವುದು ಕಾವಲಿನವರಿಗೆ ಸುಲಭ. ಕಷ್ಟದಲ್ಲಿರುವ ಬೋಟನ್ನು ಹುಡುಕಿ ತರುವುದೂ ಸುಲಭ.